ಯಾರ ಕೈಗೆ ಹೆಲ್ಮೆಟ್

ಬಾಣಂತಿಯರಿಗೆ ಎದೆಹಾಲು ಕುಡಿಸಲು ನೆರವಾಗುತ್ತಾ ರಾಮಮೂರ್ತಿ ನಗರದ ಮನೆಮನೆಗೆ ಸ್ಕೂಟರಿನಲ್ಲಿ ಬರುತ್ತಿದ್ದ ಆ ನರ್ಸ್, ತಮ್ಮ ಹೆಲ್ಮೆಟ್ಟನ್ನು ಎಂದೂ ಕೆಳಗಿಡುತ್ತಿರಲಿಲ್ಲ.

ನಮ್ಮ ಮನೆಗೆ ಬಂದಾಗ ಮಗು ಮೊಲೆ ಹಿಡಿಯದೆ ಕಿರುಚುತ್ತಿತ್ತು. ಅತ್ತೆ ಅದರ ತಲೆಯನ್ನು ನನ್ನ ಎದೆಗೆ ಒತ್ತುತ್ತಿದ್ದರು. ನರ್ಸ್ ಹೆಲ್ಮೆಟ್ ತೆಗೆದು ಅತ್ತೆಗೆ ಕೊಟ್ಟರು.

“ಎರಡೂ ಕೈಲಿ ಹಿಡ್ಕೊಂಡಿರಿ ಅಮ್ಮಾ.”

ಪಕ್ಕದಲ್ಲೇ ಕುರ್ಚಿ ಖಾಲಿಯಿತ್ತಲ್ಲ, ಅಲ್ಲಿಡಬಾರದೇ ಎಂದುಕೊಂಡೆ. ಅವರು ಮಗುವನ್ನು ನನ್ನ ಮೈಗೆ ಆನಿಸಿ, “ಅವಸರ ಬೇಡ, ಅವಳೇ ಹುಡುಕ್ಕೋತಾಳೆ” ಎಂದು ಸುಮ್ಮನೆ ಕೂತರು. ತುಸು ಹೊತ್ತಿಗೆ ಮಗು ತಾನಾಗಿಯೇ ಬಾಯಿ ಹಾಕಿತು.

ಮುಂದಿನ ವರ್ಷ ನಮ್ಮ ಮಹಡಿ ಮನೆಯ ಸೊಸೆಗೆ ಹೆರಿಗೆಯಾಯಿತು. ಕೂಸಿನ ತಲೆ ಹಿಡಿದು ನಾನು ಅವಳಿಗೆ ಪಾಠ ಹೇಳುತ್ತಿದ್ದಾಗ ಅದೇ ನರ್ಸ್ ಬಂದರು. ಕೋಣೆಯನ್ನೊಮ್ಮೆ ನೋಡಿ, ನೇರ ನನ್ನತ್ತ ಹೆಲ್ಮೆಟ್ ಚಾಚಿದರು.

“ಎರಡೂ ಕೈಲಿ ಹಿಡ್ಕೊಂಡಿರಿ.”