ಮುತ್ತಜ್ಜನ ಎದೆಗೆ ನಾನು ಹಚ್ಚಿಸಿದ ಪದಕಗಳು

ಪಿಂಟ್ಯಾ, ಚಿಮಣೀ,

ನಿಮ್ಮ ಮುತ್ತಜ್ಜ, ಅಂದರೆ ನನ್ನ ಮಾವ, ಸುಳ್ಳುಗಾರರಲ್ಲ. ಇದನ್ನು ಬಾಯಿಬಿಟ್ಟು ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ. ನಾಲ್ಕು ಜನರೆದುರು ಮಾತಾಡಲು ನನಗೆ ಮೊದಲಿನಿಂದಲೂ ಅಂಜಿಕೆ. ಆದರೆ ಅಂದು ಸುಮ್ಮನಿದ್ದದ್ದು ಅಂಜಿಕೆಯಿಂದಷ್ಟೇ ಅಲ್ಲ.

ಮಾವ ಎರಡನೇ ಮಹಾಯುದ್ಧದಲ್ಲಿ ಕಾಲ್ದಳದ ಸಿಪಾಯಿಯಾಗಿದ್ದರು. ಬೆಳಗಾವಿ ಕಡೆಯ ನಮ್ಮ ಊರಿನಿಂದ ಹೊರಟು, ಹಡಗು ಹತ್ತಿ ಇಟಲಿಯವರೆಗೆ ಹೋಗಿ ಬಂದವರು. ಯುದ್ಧ ಮುಗಿದ ಮೇಲೆ ಪಲ್ಟನ್ ಬಿಟ್ಟು ಹೊಲ ಹಿಡಿದರು. ಅಲ್ಲಿನ ಸುದ್ದಿ ಕೇಳಿದರೆ, "ಬಾಳ ಥಂಡಿ ಇತ್ತವಾ" ಅನ್ನುತ್ತಿದ್ದರು, ಅಷ್ಟೇ. ಅವರದೊಂದೇ ಫೋಟೋ ಇತ್ತು. ಖಾಕಿ ಅಂಗಿ, ಎದೆಯ ಮೇಲೆ ಏನೂ ಇಲ್ಲ. ಜೊತೆಗೆ ಪಲ್ಟನ್ನಿನಿಂದ ಬಿಡುಗಡೆಯಾದಾಗ ಕೊಟ್ಟ ಇಂಗ್ಲಿಷ್ ಕಾಗದ. ನಿಮ್ಮ ಅಜ್ಜ ಎರಡನ್ನೂ ಕಲ್ಯಾಣದಲ್ಲಿದ್ದ ತಮ್ಮ ಅಣ್ಣನ ಮನೆಯಿಂದ ಕೇಳಿ ತಂದು ನಮ್ಮ ಡೊಂಬಿವಲಿಯ ಮನೆಯಲ್ಲಿಟ್ಟುಕೊಂಡಿದ್ದರು. ಅಜ್ಜ ತೀರಿದ ಮೇಲೆ ಗೋಡೆಯ ಮೊಳೆಗೆ ಅವರ ಫೋಟೋ ಬಂತು. ಮಾವನ ಫೋಟೋ ಮಂಚದ ಕೆಳಗಿನ ಟ್ರಂಕಿಗೆ ಹೋಯಿತು.

ಎರಡು ಸಾವಿರದ ಐದರ ದೊಡ್ಡ ಮಳೆಯಲ್ಲಿ ನಮ್ಮ ತಳಮನೆಗೆ ನೀರು ಹೊಕ್ಕಿತು. ನಿಮ್ಮ ಅಪ್ಪ ಅಮ್ಮ ಆಫೀಸಿನಲ್ಲೇ ಸಿಕ್ಕಿಬಿದ್ದಿದ್ದರು. ಪಿಂಟ್ಯಾ, ನಿನ್ನನ್ನು ಅಡುಗೆಕಟ್ಟೆಯ ಮೇಲೆ ಕೂರಿಸಿ, ಅಕ್ಕಿ ಡಬ್ಬಿ, ಮಿಕ್ಸರ್, ನನ್ನ ಮೂರು ರೇಷ್ಮೆ ಸೀರೆ ಮೇಲಿಟ್ಟೆ. ಸೀರೆ ನೆನಪಾದವು, ಟ್ರಂಕು ನೆನಪಾಗಲಿಲ್ಲ. ಮೂರು ದಿನ ಬಿಟ್ಟು ತೆರೆದರೆ ಕಾಗದ ಮುದ್ದೆಯಾಗಿತ್ತು. ಫೋಟೋದಲ್ಲಿ ಮುಖ ಉಳಿದಿತ್ತು, ಕುತ್ತಿಗೆಯ ಕೆಳಗೆಲ್ಲ ಗಾಜಿಗೆ ಅಂಟಿ ಕಿತ್ತು ಬಂದಿತ್ತು.

ಆ ವರ್ಷ ಪಿತೃಪಕ್ಷದ ಊಟ ನಮ್ಮ ಮನೆಯಲ್ಲಿ. ಕಲ್ಯಾಣದಿಂದ ನನ್ನ ನೆಗೆಣ್ಣಿ, ನಿಮ್ಮ ದೊಡ್ಡಜ್ಜಿ, ಬರುವವಳಿದ್ದಳು. "ಸಾಲಿ ಕಲ್ತಾಕಿ ಆಗಿದ್ರ ಒಂದು ಫೋಟೋರೆ ನೆಟ್ಟಗ ಇಟ್ಕೋತಿದ್ಳು" ಎಂದು ಎಲ್ಲರೆದುರು ಅನ್ನುತ್ತಾಳೆಂದು ನನಗೆ ಖಾತ್ರಿ. ಯಾರಿಗೂ ಹೇಳದೆ ಫೋಟೋ ಸೆರಗಿನಲ್ಲಿ ಮುಚ್ಚಿಕೊಂಡು ಸ್ಟೇಷನ್ ಹತ್ತಿರದ ಸ್ಟುಡಿಯೋಕ್ಕೆ ಹೋದೆ. ಸ್ಟುಡಿಯೋದವನು ವಿಜಯಪುರದ ಕಡೆಯವನು. ತೀರಿಹೋದವರ ಮುಖಕ್ಕೆ ಹೊಸ ಮೈ ಕೂಡಿಸಿ ಕೊಡುವುದೇ ಅವನ ದೊಡ್ಡ ವ್ಯಾಪಾರ. ನಮ್ಮ ಬಿಲ್ಡಿಂಗಿನ ಗೋಡೆಗಳ ಮೇಲೆ ಜನ್ಮದಲ್ಲಿ ಕೋಟು ಕಾಣದ ಎಷ್ಟೋ ಹಿರಿಯರು ಕೋಟು, ಟೈ ಹಾಕಿ ಕೂತಿದ್ದರು.

"ಆಯೀ, ಮುಖಕ್ಕ ಏನೂ ಆಗಿಲ್ರಿ," ಎಂದ ಅವನು. "ಕುತಗಿ ಕೆಳಗ ಬ್ಯಾರೇ ಮೈ ಹಚ್ಚಿ ಕೊಡ್ತೀನಿ. ಸೂಟ್ ಹಾಕ್ಲ್ಯಾ?"

"ಮಿಲಿಟರಿ ಇಲ್ಲೇನಪಾ?"

"ಅದೂ ಅದರಿ. ಖಾಲಿ ಎದಿದೂ ಅದ, ಮೆಡಲ್ ಇದ್ದದ್ದೂ ಅದ. ಯಾವ್ದು ಹಚ್ಲಿ?"

ಅವನು ಎರಡನ್ನೂ ಕಂಪ್ಯೂಟರಿನಲ್ಲಿ ತೋರಿಸಿದ. ನಾನು ಮೆಡಲ್ ಇದ್ದದ್ದಕ್ಕೆ ಬೆರಳು ಮಾಡಿದೆ. ಯಾರೂ ಒತ್ತಾಯ ಮಾಡಿರಲಿಲ್ಲ.

ಪಿತೃಪಕ್ಷದ ದಿನ ನೆಗೆಣ್ಣಿ ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ತೊಳೆಸಿ ತಂದೆನೆಂದು ಹೇಳಿದೆ.

"ಅಯ್ಯ, ನಮ್ಮ ಮನ್ಯಾಗ ಇದ್ದಾಗ ಮೆಡಲ್ ಕಂಡೇ ಇರಲಿಲ್ಲ ನೋಡವಾ. ಅಷ್ಟು ಧೂಳ ಹತ್ತಿತ್ತೇನು!"

ನಾನು ಅವಳ ಎಲೆಗೆ ಇನ್ನೊಂದು ವಡೆ ಹಾಕಿದೆ.

ಒಂಬತ್ತು ವರ್ಷ ಕಳೆದವು. ಪಿಂಟ್ಯಾ, ನೀನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಮನೆತನದ ಹಿರಿಯರೊಬ್ಬರ ಬಗ್ಗೆ ಬರೆದು ತರಲು ಶಾಲೆಯಲ್ಲಿ ಹೇಳಿದ್ದರು. ನೀನು ಮುತ್ತಜ್ಜನನ್ನು ಆರಿಸಿಕೊಂಡೆ. ಎರಡು ತಿಂಗಳು ಕಂಪ್ಯೂಟರಿನಲ್ಲಿ ಪಲ್ಟನ್ ಹುಡುಕಿದೆ, ಇಟಲಿಯ ನಕಾಶೆ ಬರೆದೆ. ಕೊನೆಗೆ ನಿನ್ನ ಗೆಳೆಯನ ಅಜ್ಜ, ಸಾನಪಾಡಾದ ನಿವೃತ್ತ ಸುಬೇದಾರರು, ಫೋಟೋ ತನ್ನಿ ಎಂದರು. ನಾವಿಬ್ಬರೂ ಹೋದೆವು.

ಅವರು ಭೂತಗನ್ನಡಿ ಹಿಡಿದು ನೋಡಿ ಮರಾಠಿಯಲ್ಲಿ ಕೇಳಿದರು: "ವಹಿನಿ, ನಿಮ್ಮ ಮಾವ ಪಲ್ಟನ್ ಬಿಟ್ಟದ್ದು ಯಾವಾಗ?"

"ಯುದ್ಧ ಮುಗಿದ ಮೇಲೆ. ಸ್ವಾತಂತ್ರ್ಯಕ್ಕೆ ಮೊದಲು."

"ಈ ಪದಕಗಳು ಸ್ವಾತಂತ್ರ್ಯದ ನಂತರದವು. ಭುಜದ ಬಿಲ್ಲೆ ಬೇರೆ ಪಲ್ಟನ್ನಿನದು." ಭೂತಗನ್ನಡಿ ಕೆಳಗಿಟ್ಟು ನಿನ್ನ ಬೆನ್ನು ತಟ್ಟಿದರು. "ಬೇಟಾ, ಬೇಸರ ಮಾಡ್ಕೋಬೇಡ. ಆಗ ಕೆಲವರು ಯಾರದೋ ವರ್ದಿ ಹಾಕಿಕೊಂಡು ಫೋಟೋ ತೆಗೆಸುತ್ತಿದ್ದರು."

ನೀನು ನನ್ನ ಮುಖ ನೋಡಿದೆ. "ಅಜ್ಜೀ, ಬೋಲೋ ನಾ."

"ನನಗೇನು ಗೊತ್ತಪಾ, ಹಳ್ಳಿ ಸಾಲ್ಯಾಗ ಏಳನೇತ್ತ ಕಲ್ತಾಕಿ," ಎಂದೆ. ನೆಗೆಣ್ಣಿ ನನ್ನನ್ನು ಹೀಯಾಳಿಸುತ್ತಿದ್ದ ಮಾತನ್ನೇ ಅಂದು ನಾನು ಅಡಗಿಕೊಳ್ಳಲು ಬಳಸಿದೆ. ಕಪ್ಪಿನಲ್ಲಿದ್ದ ಚಹಾವನ್ನೂ ಪೂರ್ತಿ ಕುಡಿದೆ.

ಠಾಣೆಯಲ್ಲಿ ಗಾಡಿ ಬದಲಿಸುವಾಗ ನೀನು ಕೇಳಿದೆ: "ಮುತ್ತಜ್ಜ ಝೂಟೇ ಥೇ ಕ್ಯಾ?" ಅಷ್ಟರಲ್ಲಿ ಕಲ್ಯಾಣ ಲೋಕಲ್ ಬಂತು. ಗದ್ದಲದಲ್ಲಿ ಕೇಳಿಸದವಳಂತೆ ಹತ್ತಿದೆ. ನೀನು ನಕಾಶೆ ಹರಿದು, ಶಾಲೆಗೆ ನಿನ್ನ ಅಮ್ಮನ ಅಪ್ಪನ ಬಗ್ಗೆ ಬರೆದುಕೊಟ್ಟೆ. ಮೊನ್ನೆ ಚಿಮಣಿ ಆ ಫೋಟೋ ಯಾರದೆಂದು ಕೇಳಿದಾಗ "ನಕಲಿ ಫೌಜಿ" ಎಂದು ನಕ್ಕೆಯಲ್ಲ, ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಆಗಲೂ ಹೊರಗೆ ಬರಲಿಲ್ಲ.

ಆ ಇಂಗ್ಲಿಷ್ ಕಾಗದವನ್ನು ನಿಮ್ಮ ಅಜ್ಜ ನನಗೊಮ್ಮೆ ಕನ್ನಡದಲ್ಲಿ ಓದಿ ಹೇಳಿದ್ದರು. ಸಿಪಾಯಿ. ಕಾಲ್ದಳ. ಸಮುದ್ರದಾಚೆ ಸೇವೆ. ನಡತೆ ಬಹಳ ಒಳ್ಳೆಯದು. ಅದನ್ನು ಕೇಳಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಕಾಗದ ನನ್ನ ಕೈಯಲ್ಲಿ ಹಾಳಾಯಿತು, ಅವರ ಹೆಸರೂ ನನ್ನಿಂದಲೇ ಕೆಟ್ಟಿತು. ಆ ಕಾಗದದ ಜಾಗಕ್ಕೆ ಈಗ ಈ ಹಾಳೆಗಳಷ್ಟೇ ಇರುವುದರಿಂದ ಇವನ್ನು ಕಳೆಯಬೇಡಿ. ಕಲ್ಯಾಣದ ದೊಡ್ಡಜ್ಜಿಯ ಮನೆಯವರಿಗೂ ಓದಲು ಕೊಡಿ, ಮರೆಯದೆ ವಾಪಸು ಇಸಿದುಕೊಳ್ಳಿ. ನನ್ನ ಬಗ್ಗೆ ಅವರು ಏನಂದರೂ ಅನ್ನಲಿ.