ಹೊನ್ನಕ್ಕಿಯ ಹೆಡಕು

ಜಾತಿ ಕೇಳಬೇಡಿರಪ್ಪಾ ಎಂದು ಮನೆಮನೆಗೂ ಹೇಳಿಕೊಂಡು ತಿರುಗುವ ಜಂಗಮ ನಾನು. ಆದರೆ ಹೊನ್ನಕ್ಕಿಯೊಂದು ಕಣ್ಣಿಗೆ ಬಿದ್ದರೆ ಸಾಕು, ಮೊದಲು ಅದರ ಜಾತಿಯನ್ನೇ ಹುಡುಕುತ್ತೇನೆ. ಅದೂ ಎದುರು ನಿಂತಲ್ಲ, ಕಳ್ಳನಂತೆ ಅದರ ಬೆನ್ನ ಹಿಂದೆ ಹೋಗಿ. ವಿಭೂತಿ, ರುದ್ರಾಕ್ಷಿಗಳ ಜೊತೆ ನನ್ನ ಜೋಳಿಗೆಯಲ್ಲಿ ಒಂದು ದುರ್ಬೀನೂ ಇರುತ್ತದೆ. ಇದು ನಿಮಗೆ ಶೋಭಿಸುವುದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಶೋಭಿಸುವುದಿಲ್ಲ, ನಿಜ. ಏನು ಮಾಡಲಿ, ಹುಚ್ಚಿಗೆ ಮದ್ದಿಲ್ಲ.

ಹೊನ್ನಕ್ಕಿಯನ್ನು ನೀವೂ ನೋಡಿರುತ್ತೀರಿ. ಮೈಯೆಲ್ಲ ಹಳದಿ, ರೆಕ್ಕೆ ಕಪ್ಪು, ಕೊಕ್ಕು ಗುಲಾಬಿ. ನಮ್ಮ ಉಮರ್ಗಾ ಕಡೆಯ ಮರಾಠಿ ಮಂದಿ ಹಳದ್ಯಾ ಅನ್ನುತ್ತಾರೆ. ಅರಿಶಿನ ಹಚ್ಚಿಸಿಕೊಂಡ ಮದುಮಗ ಯಾಕೋ ಮನಸ್ಸು ಬದಲಾಯಿಸಿ ಮರ ಹತ್ತಿ ಕೂತಂತೆ ಕಾಣುತ್ತದೆ. ಇದರಲ್ಲಿ ತಲೆಯೆಲ್ಲ ಕಪ್ಪಾಗಿರುವುದೊಂದು ಜಾತಿಯಿದೆ, ಅದು ಸಭ್ಯ ಹಕ್ಕಿ, ನೋಡಿದ ಕೂಡಲೇ ಗುರುತು ಹತ್ತುತ್ತದೆ. ತಕರಾರಿರುವುದು ಇನ್ನೆರಡರಲ್ಲಿ. ಎರಡಕ್ಕೂ ಕಣ್ಣಿಗೆ ಕಾಡಿಗೆ ಎಳೆದಂಥ ಗೆರೆ. ನಮ್ಮ ಸೀಮೆಯದರ ಗೆರೆ ಕಣ್ಣು ದಾಟಿ ಸ್ವಲ್ಪ ದೂರ ಹೋಗಿ ಮುಗಿಯುತ್ತದೆ. ಚಳಿಗಾಲಕ್ಕೆ ಚೀನಾ ಕಡೆಯಿಂದ ಬರುವ ಇನ್ನೊಂದರಲ್ಲಿ ಎರಡೂ ಕಣ್ಣಿನ ಗೆರೆಗಳು ಅಗಲವಾಗಿ ಹಿಂದಕ್ಕೆ ಹೋಗಿ ಕತ್ತಿನ ಹಿಂಭಾಗದಲ್ಲಿ, ಅಂದರೆ ಹೆಡಕಿನ ಮೇಲೆ, ಕೂಡಿಕೊಳ್ಳುತ್ತವೆ. ನಿರ್ಣಯವೆಲ್ಲ ಹೆಡಕಿನದು. ಹಕ್ಕಿಯೋ, ಎಲೆಗಳ ನಡುವೆ ಮುಖ ತೋರಿಸುತ್ತದೆ, ಹೊಟ್ಟೆ ತೋರಿಸುತ್ತದೆ, ಹೆಡಕು ಮಾತ್ರ ತೋರಿಸುವುದಿಲ್ಲ. ಚೀನಾದ್ದು ನಮ್ಮಲ್ಲಿ ಬಲು ಅಪರೂಪ. ಉದಗೀರದಲ್ಲಿರುವ ನನ್ನ ಹೆಂಡತಿಯ ತಮ್ಮ ತಾನು ಕಂಡಿದ್ದೇನೆ ಎನ್ನುತ್ತಾನೆ. ಅವನು ಹೇಳುವುದರಲ್ಲಿ ನಾನು ನಂಬುವುದು ಬಸ್ಸಿನ ವೇಳೆಯನ್ನಷ್ಟೇ.

ಹೋದ ಚಳಿಗಾಲ ಕಾಸಾರಶಿರಸಿಯ ಬಸವಂತಪ್ಪ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ನನ್ನನ್ನು ಕರೆದ. ಮನೆಯೇನೋ ಚಂದವಿತ್ತು. ಆದರೆ ಬಾಗಿಲ ಎದುರಿಗೆ ಒಂದು ದೊಡ್ಡ ಬೇವಿನ ಮರ, ಅದರ ಕಟ್ಟೆಯ ಮೇಲೆ ಅವನ ತಾಯಿ ಶಾಂತಾಬಾಯಿ. ಮರವಿದ್ದ ಜಾಗದಲ್ಲಿ ಕಾರಿಗೆ ಶೆಡ್ಡು ಆಗಬೇಕೆಂದು ಮಗ, ಮರ ಬಿದ್ದರೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ತಾಯಿ. ಊಟವಾದ ಮೇಲೆ ಕಡಿಯಲೆಂದು ನಿಲಂಗಾದಿಂದ ಒಬ್ಬ ಮರ ಕೊಯ್ಯುವ ಮಷಿನ್ನಿನ ಸಮೇತ ಬಂದು, ಪಂಕ್ತಿ ಯಾವಾಗ ಏಳುತ್ತದೆಂದು ಕಾಯುತ್ತಿದ್ದ. ಮುದುಕಿ ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ.

ಅಂಗಳದಲ್ಲಿ ಪಾದಪೂಜೆ ಶುರುವಾಯಿತು. ಹಿತ್ತಾಳೆಯ ಪರಾತದೊಳಗೆ ನನ್ನ ಪಾದ, ಗಂಡಹೆಂಡತಿ ನೀರು ಹಾಕಿ ತೊಳೆಯುತ್ತಿದ್ದರು. ಅಷ್ಟರಲ್ಲಿ ಬೇವಿನ ಟೊಂಗೆಗೆ ಹಳದಿ ಬಣ್ಣವೊಂದು ಬಂದು ಕೂತಿತು. ಗೆರೆ ಅಗಲವಾಗಿದೆಯಲ್ಲ ಎನ್ನಿಸಿತು. ಕಣ್ಣು ಮುಚ್ಚಿ ಮಂತ್ರ ಹೇಳಬೇಕಾದವನು ಕೈ ಜೋಳಿಗೆಗೆ ಹಾಕಿ ದುರ್ಬೀನು ತೆಗೆದೆ. ಬಸವಂತಪ್ಪ ತಂಬಿಗೆ ಹಿಡಿದವನು ಹಾಗೆಯೇ ಗಾಬರಿಯಾದ. ಹೊಸ ಮನೆಗೆ ಹಕ್ಕಿ ಬಂದಿದೆ, ಅಯ್ಯನವರು ಮಂತ್ರ ನಿಲ್ಲಿಸಿದ್ದಾರೆ, ಇದು ಒಳ್ಳೆಯ ಶಕುನವೋ ಕೆಟ್ಟದ್ದೋ ಎಂದು ಕೇಳಿದ. ಶಕುನ ನೋಡುವವರನ್ನು ಕಂಡು ನಮ್ಮ ಶರಣರು ನೂರಾರು ವರ್ಷಗಳ ಹಿಂದೆಯೇ ನಕ್ಕಿದ್ದಾರೆ, ಅದನ್ನು ನೆನಪಿಸಿದೆ. ಶಕುನ ಗಿಕುನ ಏನಿಲ್ಲ, ನಮ್ಮೂರಿನದೋ ಪರದೇಶದಿಂದ ನೆಂಟನಾಗಿ ಬಂದ ಪಾವಣ್ಯಾನೋ ಅಷ್ಟನ್ನೇ ನೋಡುತ್ತಿದ್ದೇನೆ ಎಂದೆ.

ಅಷ್ಟು ಹೇಳಿದ್ದೇ ತಪ್ಪಾಯಿತು. ಬಸವಂತಪ್ಪ ವ್ಯಾಪಾರದ ಮನುಷ್ಯ, ಒಂದು ಕ್ಷಣ ಯೋಚಿಸಿ ಎಲ್ಲರೆದುರು ತೀರ್ಮಾನ ಕೊಟ್ಟುಬಿಟ್ಟ: "ನಮ್ಮೂರಿಂದು ಇದ್ರ ಅದರ ಮನಿ ಮುರಿದು ನಾ ಮನಿ ಹೊಕ್ಕಾಂಗ ಆಗ್ತದ, ಗಿಡ ಕಡ್ಯಾಂಗಿಲ್ಲ. ಪಾವಣ್ಯಾ ಇದ್ರ ಹ್ಯಾಂಗೂ ಎದ್ದು ಹೋಗ್ತದ, ಕಡೀತೀನಿ."

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ರೇಷ್ಮೆ ಸೀರೆಯ ಹೆಂಗಸರು, ಟೋಪಿಯ ಹಿರಿಯರು, ಅಡಿಗೆಯವರು, ಎಲ್ಲರೂ ಒಂದು ಹಕ್ಕಿಯ ಹೆಡಕು ನೋಡಲು ಮರದ ಹಿಂದಕ್ಕೆ ನುಗ್ಗಿದರು. ಹಕ್ಕಿ ತಿರುಗಿ ಕೂತಿತು. ಎಲ್ಲರೂ ಮುಂದಕ್ಕೆ ಬಂದರು, ಅದು ಮತ್ತೆ ತಿರುಗಿತು. ಬೇವಿಗೆ ಅಂಥ ಪ್ರದಕ್ಷಿಣೆ ಹಿಂದೆಂದೂ ಆಗಿರಲಿಕ್ಕಿಲ್ಲ. ಗೆರೆ ಕೂಡಿದೆ ಎಂದು ಮಷಿನ್ನಿನವನು ಆಣೆ ಮಾಡಿದ. ಕೂಡಿಲ್ಲ ಎಂದು ಶಾಂತಾಬಾಯಿ ಕೂತಲ್ಲಿಂದಲೇ ಹೇಳಿದಳು. ತಲೆ ಎತ್ತಿ ನೋಡಿರಲೂ ಇಲ್ಲ. ನಾನು ಪರಾತದಿಂದ ಎದ್ದು, ಒದ್ದೆ ಕಾಲಲ್ಲಿ ಮಣ್ಣು ಮೆತ್ತಿಕೊಂಡು, ಪೂಜೆ ಅರ್ಧಕ್ಕೆ ಬಿಟ್ಟು ಓಡಿದೆ. ಆಗ ಹಕ್ಕಿ ಕೊಕ್ಕನ್ನು ಟೊಂಗೆಗೆ ಒರೆಸಲು ತಲೆ ಬಗ್ಗಿಸಿತು.

ಕೂಡಿತ್ತು. ದಪ್ಪಗೆ, ಕಪ್ಪಗೆ, ಅನುಮಾನಕ್ಕೆ ಎಡೆಯಿಲ್ಲದಂತೆ ಕೂಡಿತ್ತು.

ಇಷ್ಟು ವರ್ಷ ಕಾದದ್ದು ಕಂಡಿತ್ತು, ಕುಣಿಯಬೇಕೆನ್ನಿಸಿತು. ಮರುಕ್ಷಣ ಮರದ ನೆನಪಾಗಿ ದುರ್ಬೀನು ಕೆಳಗಿಳಿಸಿದೆ. ಒಂದು ಸುಳ್ಳು ಹೇಳಿದರೆ ಮರ ಉಳಿಯುತ್ತದೆ, ಮುದುಕಿ ಉಣ್ಣುತ್ತಾಳೆ. ಆದರೆ ಹಣೆ ತುಂಬ ವಿಭೂತಿ ಬಳಿದುಕೊಂಡು ಹ್ಯಾಗೆ ಹೇಳಲಿ? ಶಾಂತಾಬಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸುಳ್ಳ ಹೇಳಬ್ಯಾಡ್ರಿ ಅಯ್ಯನೋರೆ," ಅಂದಳು. "ಆದರ ಇನ್ನೊಮ್ಮಿ ಚಂದಾಗಿ ನೋಡ್ರಿ."

ಇನ್ನೊಮ್ಮೆ ಚಂದಾಗಿಯೇ ನೋಡಿದೆ. ಗೆರೆ ಕದಲಲಿಲ್ಲ. ಇದು ನಮ್ಮೂರಿನದಲ್ಲ, ಚೀನಾದ ಕಡೆಯಿಂದ ಬಂದದ್ದು ಎಂದು ಹೇಳಿ ತಲೆ ತಗ್ಗಿಸಿದೆ. ಮಷಿನ್ನಿನವನು ಎದ್ದು ನಿಂತ.

ಬಸವಂತಪ್ಪ ಮಾತ್ರ ಬಾಯಿ ತೆರೆದುಕೊಂಡು ಮರವನ್ನೇ ನೋಡುತ್ತಿದ್ದ. ನಮ್ಮ ಕಡೆ ಆಮದಾರ ಎನ್ನುವ ಶಾಸಕರಿಗೆ ಎರಡು ಸಲ ಕರೆ ಹೋಗಿತ್ತು, ಬಂದಿರಲಿಲ್ಲ. ಅಂಗಳದಲ್ಲಿ ಅವರಿಗೆಂದು ಹಾಕಿದ ಸೋಫಾ ಖಾಲಿಯೇ ಇತ್ತು. "ಚೀನಾದಿಂದ? ನಮ್ಮ ಮನಿಗಿ?" ಅಂದ. ಆಮೇಲೆ ಮಷಿನ್ನಿನವನ ಕಡೆ ತಿರುಗಿ, "ಉಂಡು ಹೋಗೋ ತಮ್ಮಾ. ಆಮದಾರಗ ಪುರಸತ್ ಇಲ್ಲ, ಇದು ಇಷ್ಟು ದೂರದಿಂದ ಬಂದದ. ಕಾರ್ ಬಿಸಲಾಗ ನಿಂತ್ರ ಏನ ಸಾಯ್ತದೇನು?" ಎಂದ. ತಾನೇ ಕೊಟ್ಟ ತೀರ್ಮಾನವನ್ನು ತಾನೇ ಉಲ್ಟಾ ಮಾಡಿದ್ದು ಅವನ ಗಮನಕ್ಕೇ ಬರಲಿಲ್ಲ. ಹಕ್ಕಿಗೆಂದು ಎಲೆಯಲ್ಲಿ ಹೋಳಿಗೆ ಬಡಿಸಿ ಕಟ್ಟೆಯ ಮೇಲಿಟ್ಟರು. ಶಾಂತಾಬಾಯಿ ಬಲಗಾಲಿಟ್ಟು ಒಳಗೆ ಹೋದಳು. ನಾನು ಮತ್ತೆ ಪರಾತದೊಳಗೆ ಪಾದ ಇಟ್ಟೆ. ಈ ಸಲ ತೊಳೆಯುವುದಕ್ಕೆ ಸಾಕಷ್ಟು ಮಣ್ಣೂ ಇತ್ತು.

ಬೇಸಿಗೆಯಲ್ಲಿ ಬಸವಂತಪ್ಪನ ಫೋನು ಬಂತು, ಚೀನಾದ ಪಾವಣ್ಯಾ ಗೂಡು ಕಟ್ಟಿದೆ ಎಂದು. ಹೋದೆ. ಮರದ ಕೆಳಗೆ ಕಾರು ಹಿಕ್ಕೆ ಹೊತ್ತು ನಿಂತಿತ್ತು. ಬಸವಂತಪ್ಪ ನೆರೆಯವರಿಗೆ ಮೇಲೆ ಬೆರಳು ಮಾಡಿ, ತನ್ನ ಮನೆ ಬಿಟ್ಟು ಹೋಗಲು ಅದಕ್ಕೆ ಮನಸ್ಸೇ ಬರಲಿಲ್ಲವೆಂದು ವಿವರಿಸುತ್ತಿದ್ದ. ಆ ಜಾತಿ ಬೇಸಿಗೆಯಲ್ಲಿ ಇಲ್ಲಿ ನಿಲ್ಲುವುದೂ ಇಲ್ಲ, ಗೂಡು ಕಟ್ಟುವುದೂ ಇಲ್ಲ. ಗೂಡಿನ ಪಕ್ಕ ಕೂತಿದ್ದ ಹಕ್ಕಿಯ ಗೆರೆ ಸಣ್ಣದಾಗಿ ಕಣ್ಣಿನ ಹಿಂದೆಯೇ ಮುಗಿದಂತಿತ್ತು. ಖಾತ್ರಿ ಮಾಡಿಕೊಳ್ಳೋಣವೆಂದು ಅಭ್ಯಾಸಬಲದಿಂದ ಮರದ ಹಿಂದಕ್ಕೆ ಹೆಜ್ಜೆ ಹಾಕಿದೆ. ಕಟ್ಟೆಯ ಮೇಲೆ ಕೂತಿದ್ದ ಶಾಂತಾಬಾಯಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, ಮಗನಿಗೆ ಕೇಳದಷ್ಟು ಮೆಲ್ಲಗೆ ಅಂದಳು:

"ಸಾಕ್ ಕೂಡ್ರಿ ಅಯ್ಯನೋರೆ. ಗೂಡಿನಾಗ ಮರಿ ಅವ."

ಕೂತೆ.