ಬೀಗದ ಬಾಯಿಗೆ ಕುಂಕುಮ

ಶಿವಾರಪಟ್ಟಣದ ನಮ್ಮ ಬೀದಿಗೆ ಆಗೆಲ್ಲ ಬೆಳಗಾಗುತ್ತಿದ್ದುದೇ ಉಳಿಯ ಸದ್ದಿನಿಂದ. ಅನ್ನದ ಪಾತ್ರೆ ಮುಚ್ಚದಿದ್ದರೆ ಕಲ್ಲಿನ ಪುಡಿಯೂ ಊಟಕ್ಕೆ ಬರುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ಬೀದಿ ಸುಮ್ಮನಾಗಿ, ಕಡಲೆಪುರಿ, ಬಾಳೆಕಂದಿನ ವಾಸನೆ ತುಂಬಿಕೊಳ್ಳುತ್ತಿತ್ತು. ತಾತ ತನ್ನ ಉಳಿಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದ. ಕುಂಕುಮ ಇಡುವ ಕೆಲಸ ನನ್ನದು. ಉಳಿಯ ಚೂಪು ತುದಿಗೆ ಅವನು ಬಾಯಿ ಅನ್ನುತ್ತಿದ್ದ. ಕೆಲಸ ಮಾಡುವುದು ಬಾಯಿ, ಬಾಯಿಗೇ ಇಡಬೇಕು ಎಂದು ಕಲಿಸಿದ್ದ.

ನನಗೆ ಎಂಟು ವರ್ಷವಾದಾಗ ಆ ಸಾಲಿಗೆ ಅಪ್ಪ ತಂದ ಹಳೇ ಬಿಳಿ ಕಾರೂ ಸೇರಿತು. ಅದರ ಮೂರು ಬಾಗಿಲು ಕೆಟ್ಟು ಸದಾ ಮುಚ್ಚಿರುತ್ತಿದ್ದವು, ಡ್ರೈವರ್ ಕಡೆಯ ಬಾಗಿಲಿಗೆ ಮಾತ್ರ ಕೀ ಹಿಡಿಯುತ್ತಿತ್ತು. ನಾನು ಕಾರಿನ ಬಾಯಿ ಹುಡುಕಿದೆ. ಕೀ ಹಾಕುವ ತೂತು ಸಿಕ್ಕಿತು. ಕುಂಕುಮ ಕಲಸಿ, ತಲೆಯ ಪಿನ್ನಿನಿಂದ ತುಂಬುವಷ್ಟೂ ತುರುಕಿದೆ. ಯಾವ ಆಯುಧಕ್ಕೂ ಅಷ್ಟು ಭಕ್ತಿಯಿಂದ ಇಟ್ಟಿರಲಿಲ್ಲ.

ಮಾರನೇ ದಿನ ಕೀ ಮೊಂಡು ಮಾಡಿತು. ಅಪ್ಪ ಬೀಗದೊಳಗೆ ಹರಳೆಣ್ಣೆ ಸುರಿದು ಹೇಗೋ ತಿರುಗಿಸಿದ. ಕಾರಣ ಗೊತ್ತಿದ್ದ ನಾನು ಬೈಗುಳಕ್ಕೆ ಹೆದರಿ ಬಾಯಿ ಬಿಡಲಿಲ್ಲ.

ಅದರ ಮಾರನೇ ದಿನ ಮಧ್ಯಾಹ್ನ, ಬಾಗಿಲು ತೆಗೆದಿದ್ದ ಕಾರಿನಲ್ಲಿ ಬಸ್ಸಿನಾಟ. ಮೂರು ವರ್ಷದ ತಮ್ಮ ಗುಂಡ ಡ್ರೈವರು, ನಾನು ಕಂಡಕ್ಟರು. ಮಾಲೂರು ಬಂತೆಂದು ಇಳಿದು ಬಾಗಿಲು ಹಾಕಿ "ರೈಟ್" ಅಂದೆ. ಗುಂಡ ಕೈಗೆ ಸಿಕ್ಕಿದ ಲಾಕಿನ ಗುಬುಟನ್ನು ಒತ್ತಿಬಿಟ್ಟ. ಬಾಗಿಲು ಬಿಗಿಯಿತು.

ಅಪ್ಪ ಕೀ ತಂದ. ಅರ್ಧ ಹೋಗಿ ನಿಂತಿತು. ಗಾಜುಗಳೆಲ್ಲ ಮೇಲಿದ್ದವು, ಬಿಸಿಲು ನೆತ್ತಿಯ ಮೇಲಿತ್ತು. ಗುಬುಟು ಎತ್ತು ಎಂದು ಎಷ್ಟು ಹೇಳಿದರೂ ಗುಂಡ ಅಳುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಅಪ್ಪ ಸುತ್ತಿಗೆ ಹಿಡಿದು ಹಿಂದಿನ ಗಾಜಿನ ಬಳಿ ಹೋದರೆ, ಅಪ್ಪ ಬಂದನೆಂದು ಅವನು ಅಲ್ಲಿಗೇ ಬಂದು ಮುಖ ಒತ್ತಿದ. ಈ ಕಡೆ ಬಂದರೆ ಈ ಕಡೆ. ಚೂರು ಮಗುವಿನ ಕಣ್ಣಿಗೆ ಚಿಮ್ಮೀತೆಂದು ಅಪ್ಪ ಸುತ್ತಿಗೆ ಕೆಳಗಿಟ್ಟ. ಆಮೇಲೆ ಅಳು ಸಣ್ಣದಾಯಿತು, ನಿಂತಿತು. ಗುಂಡ ಗಾಜಿಗೆ ಕೆನ್ನೆ ಆನಿಸಿ ಕೂತುಬಿಟ್ಟ. ತಮ್ಮನನ್ನು ನಾನೇ ಕೊಂದೆ ಅಂದುಕೊಂಡೆ.

ತಾತ ಸೀಮೆಎಣ್ಣೆ ಹಿಡಿದು ಓಡಿಬಂದ. ಅಪ್ಪ ಮತ್ತೆ ಕೀ ತಿರುಚುತ್ತಿದ್ದ. ಗಾಬರಿಯಾದರೆ ತಾತನ ಬಾಯಿಗೆ ಮೊದಲು ತೆಲುಗು ಬರುತ್ತಿತ್ತು.

"ಉಂಡ್ರಾ, ತಡಿ. ಬಲ ಹಾಕ್ಬೇಡ, ಮುರದ್ರೆ ಮಗು ಒಳಗೇ ಉಳೀತದೆ."

ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿಯ ಮೂತಿಯಿಂದ ತೂತಿಗೆ ಸೀಮೆಎಣ್ಣೆ ಬಿಟ್ಟ. ವಿಗ್ರಹದ ಕಣ್ಣು ಕೆತ್ತುವ ಪುಟ್ಟ ಸುತ್ತಿಗೆಯಿಂದ ಕೀಯ ತಲೆಯನ್ನು ತಟ್ಟಿದ. ತಟ್ಟುವುದು, ಎಳೆಯುವುದು, ಒರೆಸುವುದು, ಮತ್ತೆ ಸೀಮೆಎಣ್ಣೆ. ತೂತಿನಿಂದ ಕೆಂಪಗೆ ಒಂದು ಗೆರೆ ಬಿಳಿ ಬಾಗಿಲ ಮೇಲೆ ಇಳಿಯಿತು. ರಕ್ತವೆಂದು ಅಮ್ಮ ಚೀರಿದಳು. ತಾತ ಬೆರಳಲ್ಲಿ ಮುಟ್ಟಿ ಮೂಸಿದ. ತಿರುಗಿ ನನ್ನ ಮುಖ ನೋಡಿದ.

"ತುಕ್ಕು" ಅಂದ.

ಕೀ ತಿರುಗಿತು. ಬೆವರಿನಲ್ಲಿ ತೊಯ್ದಿದ್ದ ಗುಂಡನನ್ನು ಅಮ್ಮ ಎಳೆದುಕೊಂಡಳು. ನೀರು ಚಿಮುಕಿಸಿದ ಮೇಲೆ ಅವನು ಕಣ್ಣು ಬಿಟ್ಟು ಕಡಲೆಪುರಿ ಕೇಳಿದ. ನಾನು ಒಳಗೆ ಓಡಿ ಕಡಲೆಪುರಿ ತಂದೆ.

ಮಾರನೇ ದಿನ ತಾತ ನನ್ನ ಪೆನ್ಸಿಲ್ ಕೇಳಿದ. ಎಣ್ಣೆಗೆ ಕಲ್ಲಿನ ಪುಡಿ ಸೇರಿದರೆ ಗಾರೆಯಾಗುತ್ತದೆ, ಬೀಗ ಜಾರಲು ಪೆನ್ಸಿಲ್ ಸೀಸ ಸಾಕು ಎಂದು ಕೀಗೆ ನನ್ನ ಕೈಯಲ್ಲೇ ಉಜ್ಜಿಸಿದ. ಕುಂಕುಮದ ಮಾತು ಆಗಲೂ ಎತ್ತಲಿಲ್ಲ. ಮುಂದಿನ ಪೂಜೆಯಲ್ಲಿ ನಾನು ಕಾರಿನ ಮುಂದೆ ಕೈಕಟ್ಟಿ ನಿಂತಾಗ ಮೆಲ್ಲಗೆ ಅಂದ, "ಬಾಯಿಗೆ ಬೇಡಮ್ಮ, ಹಣೆಗಿಡು." ಆಮೇಲೆ ಪ್ರತಿವರ್ಷವೂ ಅಂದ. ನಿಜ ಹೇಳಲು ನನಗೂ ಪ್ರತಿವರ್ಷ ಅವಕಾಶವಿತ್ತು. ಹೇಳಲಿಲ್ಲ. ತಾತ ಹೋಗಿ ಆರು ವರ್ಷವಾಯಿತು.

ಈ ಸಲ ಕೋಲಾರದಲ್ಲಿ ಗುಂಡನ ಹೊಸ ಕಾರಿಗೆ ಪೂಜೆ. ಅವನಿಗೆ ಆ ಮಧ್ಯಾಹ್ನದ ನೆನಪೇ ಇಲ್ಲ. ಕಾರು ಜೇಬಿನಲ್ಲಿರುವ ಕೀಗೇ ಬಾಗಿಲು ಬಿಡುತ್ತದೆ, ತೂತು ಎಲ್ಲಿಯೂ ಕಾಣಲಿಲ್ಲ. ಆದರೂ ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತು.

"ಇಡಕ್ಕ, ಯಾಕೆ ನಿಂತೆ?" ಅಂದ ಗುಂಡ.

ಹಣೆಗಿಡು ಎಂದು ಹಿಂದಿನಿಂದ ಯಾರೂ ಹೇಳಲಿಲ್ಲ.